ಎರಡು ಒಲೆಯ ಮನೆ



ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಮಾಡಿನ ಮೇಲೆ ಸೋಲಾರ್ ಕೂರಿಸಿದ ವರ್ಷ, ಅದನ್ನು ಜೋಡಿಸಲು ಬಂದಿದ್ದ ಹುಡುಗ ಅಪ್ಪನಿಗೊಂದು ಸಲಹೆ ಕೊಟ್ಟ. "ಇನ್ನು ಈ ಬಚ್ಚಲೊಲೆ ಯಾಕೆ ಗೌಡ್ರೇ? ಒಡೆಸಿಬಿಡಿ, ಜಾಗ ಆಗ್ತದೆ." ಅಪ್ಪ ಒಡೆಸಲಿಲ್ಲ. "ಆಷಾಢದಲ್ಲಿ ವಾರಗಟ್ಟಲೆ ಸೂರ್ಯ ಮುಖ ತೋರಿಸೋದಿಲ್ಲ. ಆಗ ನೀನು ಬಂದು ನೀರು ಕಾಯಿಸಿ ಕೊಡ್ತೀಯಾ?" ಎಂದರು. ಒಲೆ ಉಳಿಯಿತು, ಅದರ ಮೇಲಿನ ತಾಮ್ರದ ಹಂಡೆಯೂ ಉಳಿಯಿತು. ದೀಪಾವಳಿ ಕಳೆದ ಮೇಲೆ ಬೇಸಿಗೆ ಮುಗಿಯುವವರೆಗೆ ಸೋಲಾರ್ ನೀರು. ಮಳೆ ಹಿಡಿಯಿತೆಂದರೆ ಅಡಿಕೆ ಸಿಪ್ಪೆ, ತೆಂಗಿನ ಗರಿ, ಒಣ ಸೌದೆ. ಬಿಸಿಲು ಇದ್ದಷ್ಟು ದಿನ ಪುಕ್ಕಟೆ, ಬಿಸಿಲು ಕೈಕೊಟ್ಟ ದಿನ ಬೆಂಕಿ. ನೀರು ಮಾತ್ರ ವರ್ಷವಿಡೀ ಬಿಸಿ.

ಅಮೆರಿಕದ ಒಹಾಯೊ ರಾಜ್ಯಕ್ಕೆ ಬಂದು ಕೊಲಂಬಸ್ ಊರಿನ ಹೊರವಲಯದಲ್ಲಿ ಮನೆ ಮಾಡಿಕೊಂಡ ಎಷ್ಟೋ ವರ್ಷದ ಮೇಲೆ, ಅಪ್ಪನ ಆ ಮಾತು ನಮ್ಮ ಬೇಸ್‌ಮೆಂಟ್‌ನಲ್ಲಿ ನಿಂತಿದ್ದಾಗ ನೆನಪಾಯಿತು. ಹಳೆಯ ಎಸಿ ಕೆಟ್ಟಿತ್ತು. ಹೊಸ ಎಸಿ ಹಾಕಲು ಬಂದವರು, "ಬರೀ ಎಸಿ ಯಾಕೆ, ಹೀಟ್ ಪಂಪ್ ಹಾಕಿಸಿ, ಫರ್ನೇಸ್ ಹಾಗೇ ಇರಲಿ, ಡ್ಯುಯಲ್ ಫ್ಯೂಯಲ್ ಮಾಡಿಬಿಡೋಣ" ಎಂದರು. ಎರಡು ಇಂಧನದ ವ್ಯವಸ್ಥೆ. ಸಾಧಾರಣ ಚಳಿಗೆ ಕರೆಂಟಿನಿಂದ ನಡೆಯುವ ಹೀಟ್ ಪಂಪ್, ಕೊರೆಯುವ ಚಳಿಗೆ ಗ್ಯಾಸ್ ಉರಿಸುವ ಫರ್ನೇಸ್. ಬೇಸಿಗೆಯಲ್ಲಿ ಅದೇ ಹೀಟ್ ಪಂಪ್ ಎಸಿಯಾಗಿ ಮನೆ ತಂಪು ಮಾಡುತ್ತದೆ. ಸೋಲಾರ್ ಮತ್ತು ಬಚ್ಚಲೊಲೆಯ ಅದೇ ಜೋಡಿ. ಇದು ಯಾರ ಮನೆಗೆ ಒಪ್ಪುತ್ತದೆ, ಯಾರ ಮನೆಗೆ ಒಪ್ಪುವುದಿಲ್ಲ ಎಂಬುದನ್ನು ಅಮೆರಿಕ, ಕೆನಡಾಗಳ ಚಳಿ ಸೀಮೆಯಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರ ಜೊತೆ ಇವತ್ತು ಮಾತಾಡಬೇಕೆಂದಿದ್ದೇನೆ.

ಮೊದಲು ಹೀಟ್ ಪಂಪ್ ಎಂದರೇನು ಎಂಬುದನ್ನು ನೋಡೋಣ. ಬಳ್ಳಾರಿಯ ಬೇಸಿಗೆಯಲ್ಲಿ ಕಿಟಕಿಗೆ ಎಸಿ ಇಟ್ಟ ಮನೆಯ ಹೊರಗೋಡೆ ಪಕ್ಕ ನಡೆದು ಹೋಗಿದ್ದರೆ, ಮುಖಕ್ಕೆ ರಾಚುವ ಬಿಸಿಗಾಳಿ ನಿಮಗೆ ನೆನಪಿರುತ್ತದೆ. ಒಳಗಿನ ಸೆಕೆಯನ್ನು ಹೊತ್ತು ತಂದು ಹೊರಗೆ ಸುರಿಯುವುದೇ ಎಸಿಯ ಕೆಲಸ. ಚಳಿಗಾಲದಲ್ಲಿ ಆ ಎಸಿಯನ್ನು ಹಿಂದುಮುಂದಾಗಿ ತಿರುಗಿಸಿ ಇಟ್ಟರೆ ಬಿಸಿಗಾಳಿ ಮನೆಯೊಳಗೆ ಬರುತ್ತದಲ್ಲವೇ? ಹೀಟ್ ಪಂಪ್ ಮಾಡುವುದು ಇದನ್ನೇ. ಪೆಟ್ಟಿಗೆಯನ್ನು ತಿರುಗಿಸುವ ಬದಲು ಒಳಗಿರುವ ಒಂದು ಕವಾಟವನ್ನು ತಿರುಗಿಸಿ, ದ್ರವ ಹರಿಯುವ ದಿಕ್ಕನ್ನು ಬದಲಿಸುತ್ತದೆ.

ಹೊರಗೆ ನೀರು ಹೆಪ್ಪುಗಟ್ಟಿರುವಾಗ ಅಲ್ಲಿಂದ ಶಾಖ ಎಲ್ಲಿ ಬರಬೇಕು ಎಂದು ಕೇಳದವರಿಲ್ಲ. ನಾನೂ ಕೇಳಿದ್ದೆ. ಕೊಳವೆಯೊಳಗೆ ಓಡಾಡುವ ರೆಫ್ರಿಜರೆಂಟ್ ಸಾಮಾನ್ಯ ಒತ್ತಡದಲ್ಲಿ ಸುಮಾರು ಮೈನಸ್ 50 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವಂಥದ್ದು. ನಮಗೆ ಮೈ ಕೊರೆಯುವ ಮೈನಸ್ 8 ಡಿಗ್ರಿಯ ಗಾಳಿ ಅದಕ್ಕೆ ಬೆಚ್ಚಗಿನ ಗಾಳಿಯೇ. ಆ ಗಾಳಿಯ ಶಾಖವನ್ನು ಹೀರಿ ದ್ರವ ಆವಿಯಾಗುತ್ತದೆ, ಕಂಪ್ರೆಸರ್ ಆ ಆವಿಯನ್ನು ಅದುಮಿ ಬಿಸಿ ಮಾಡುತ್ತದೆ, ಆ ಬಿಸಿ ಮನೆಯೊಳಗೆ ಸೇರುತ್ತದೆ. ಇಂಥದೊಂದು ಯಂತ್ರ ಸಾಧ್ಯ ಎಂದು ಲಾರ್ಡ್ ಕೆಲ್ವಿನ್ 1852ರಲ್ಲೇ ಬರೆದಿದ್ದರು. ಕರೆಂಟಿನ ಕಾಯಿಲ್ ಕೆಂಪಗೆ ಕಾಯಿಸಿದರೆ ಒಂದು ಯೂನಿಟ್ ವಿದ್ಯುತ್ತಿಗೆ ಒಂದು ಯೂನಿಟ್ ಶಾಖ, ಅಷ್ಟೇ. ಹೀಟ್ ಪಂಪ್ ಶಾಖವನ್ನು ಹುಟ್ಟಿಸುವುದಿಲ್ಲ, ಸಾಗಿಸುತ್ತದೆ. ಆದ್ದರಿಂದ ಹಿತವಾದ ಚಳಿಯಲ್ಲಿ ಒಂದು ಯೂನಿಟ್ ಕರೆಂಟಿಗೆ ಮೂರೂವರೆ ಯೂನಿಟ್‌ನಷ್ಟು ಶಾಖ ತಂದು ಕೊಡುತ್ತದೆ. ಚಳಿ ಏರಿದಂತೆ ಸಾಗಣೆ ಕಷ್ಟ. 17 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮೈನಸ್ 8 ಸೆಲ್ಸಿಯಸ್ ಹೊತ್ತಿಗೆ ಅದು ಎರಡಕ್ಕೋ ಎರಡೂಕಾಲಿಗೋ ಇಳಿಯುತ್ತದೆ. ಒಳ್ಳೆಯ ಯಂತ್ರವಾದರೆ ಇನ್ನೂ ಸ್ವಲ್ಪ ಮೇಲೆ.

ನಮ್ಮ ಮನೆಗೆ ಹೀಟ್ ಪಂಪ್ ಬಂದದ್ದು 2023ರ ಶರತ್ಕಾಲದಲ್ಲಿ. ಆ ಚಳಿಗಾಲ ಅಮ್ಮ ನಮ್ಮ ಜೊತೆ ಇದ್ದರು. ಫರ್ನೇಸ್ ಊದುವ ಗಾಳಿ 50 ಡಿಗ್ರಿ ಸೆಲ್ಸಿಯಸ್ ಆಚೀಚೆ ಬಿಸಿಯಿರುತ್ತದೆ. ವೆಂಟ್ ಮೇಲೆ ಕೈ ಹಿಡಿದರೆ ಬೆಂಕಿ ಕಾಯಿಸಿದ ಹಾಗೆ. ಹೀಟ್ ಪಂಪ್‌ನ ಗಾಳಿ 32ರಿಂದ 38 ಡಿಗ್ರಿ. ನಮ್ಮ ಮೈಯ ಬಿಸಿಯೇ 37 ಆದ್ದರಿಂದ ಅದು ಬಿಸಿ ಎನಿಸುವುದೇ ಇಲ್ಲ. ಅಮ್ಮ ವೆಂಟ್ ಹತ್ತಿರ ಕೂತು ಕೈ ಚಾಚಿ, "ಇದು ಒಲೆ ಆರಿದ ಮೇಲಿನ ಬೂದಿ ಇದ್ದ ಹಾಗಿದೆ" ಎಂದರು. ಆ ಮಾತಿಗಿಂತ ಸರಿಯಾದ ವಿವರಣೆಯನ್ನು ನಾನು ಯಾವ ಕೈಪಿಡಿಯಲ್ಲೂ ಓದಿಲ್ಲ. ಬೂದಿಯ ಬಿಸಿ ಸಣ್ಣದು, ಆದರೆ ರಾತ್ರಿಯಿಡೀ ಇರುತ್ತದೆ. ಹೀಟ್ ಪಂಪ್ ನಿಧಾನಕ್ಕೆ, ಬಿಡುವಿಲ್ಲದೆ ಊದುತ್ತದೆ. ಫರ್ನೇಸ್ ಹೊತ್ತಿಕೊಂಡು, ಮನೆ ಕಾಯಿಸಿ, ಆರಿ, ಮತ್ತೆ ಹೊತ್ತಿಕೊಳ್ಳುತ್ತದೆ. ಎರಡರ ಬೆಚ್ಚನೆಯೇ ಬೇರೆ. ಮನೆಯಲ್ಲಿ ವಯಸ್ಸಾದವರಿದ್ದರೆ ಈ ವ್ಯತ್ಯಾಸವನ್ನು ಅವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಯಂತ್ರ ಕೆಟ್ಟಿದೆ ಎಂದುಕೊಂಡು ಒಳಗೊಳಗೇ ಚಳಿ ಸಹಿಸುತ್ತಾರೆ.

ಇನ್ನೊಂದು ಬೆಳಗ್ಗೆ ಅಮ್ಮ ಅಡುಗೆ ಮನೆಯ ಕಿಟಕಿಯಿಂದ ಕೂಗಿದರು. "ಮಗಾ, ಬೇಗ ಬಾ, ಹಿತ್ತಲಲ್ಲಿ ಹೊಗೆ ಏಳ್ತಾ ಇದೆ!" ಓಡಿ ಬಂದು ನೋಡಿದೆ. ಹೊರಗಿನ ಪೆಟ್ಟಿಗೆಯ ಫ್ಯಾನ್ ನಿಂತಿತ್ತು, ಒಳಗಿಂದ ಬುಸ್ಸೆಂದು ಸದ್ದು, ಮೇಲೆ ಬಿಳಿ ಮೋಡ. ಅದು ಹೊಗೆಯಲ್ಲ, ಆವಿ. ಹೊರಗಿನ ಕಾಯಿಲ್ ಮೇಲೆ ಕೂತ ಇಬ್ಬನಿ ಗಟ್ಟಿಯಾದಾಗ ಯಂತ್ರ ಐದು ಹತ್ತು ನಿಮಿಷ ದಿಕ್ಕು ಬದಲಿಸಿ, ಅದನ್ನು ಕರಗಿಸಿಕೊಳ್ಳುತ್ತದೆ. ಆ ಹೊತ್ತು ಮನೆಯೊಳಗೆ ತಣ್ಣನೆಯ ಗಾಳಿ ಬರಬಾರದೆಂದು ಫರ್ನೇಸ್ ಸ್ವಲ್ಪ ಹೊತ್ತು ಉರಿದು ಕೈ ಜೋಡಿಸುತ್ತದೆ. ಉಳಿದಂತೆ ಇವೆರಡೂ ಒಟ್ಟಿಗೆ ಕೆಲಸ ಮಾಡುವುದಿಲ್ಲ. ಫರ್ನೇಸ್‌ನ ಬಿಸಿಗಾಳಿ ಹೀಟ್ ಪಂಪ್‌ನ ಒಳಗಿನ ಕಾಯಿಲ್ ಮೂಲಕವೇ ಹಾದು ಹೋಗಬೇಕು. ಎರಡನ್ನೂ ಒಮ್ಮೆಗೇ ನಡೆಸಿದರೆ ಕಾಯಿಲ್ ಒಳಗಿನ ಒತ್ತಡ ಮಿತಿಮೀರುತ್ತದೆ. ಆದ್ದರಿಂದ ಒಬ್ಬರ ಪಾಳಿ ಮುಗಿದ ಮೇಲೆ ಇನ್ನೊಬ್ಬರ ಪಾಳಿ.

ಆ ಪಾಳಿ ಬದಲಾಗುವುದು ಯಾವಾಗ? ಡ್ಯುಯಲ್ ಫ್ಯೂಯಲ್ ವ್ಯವಸ್ಥೆಯ ಜೀವ ಇರುವುದೇ ಈ ಪ್ರಶ್ನೆಯಲ್ಲಿ. ಉತ್ತರ ಸಿಗುವುದು ನಿಮ್ಮ ಮನೆಯ ಎರಡು ಬಿಲ್‌ಗಳಲ್ಲಿ. ಕಾಗದ, ಪೆನ್ನು ಹತ್ತಿರ ಇದ್ದರೆ ತೆಗೆದುಕೊಳ್ಳಿ.

ಎರಡು ಮನೆಗಳ ಲೆಕ್ಕ ಹೇಳುತ್ತೇನೆ. ಒಂದು ನಮ್ಮದು, ಇನ್ನೊಂದು ಡಬ್ಲಿನ್‌ನಲ್ಲಿರುವ ನನ್ನ ಸ್ನೇಹಿತರದು. ಈ ಡಬ್ಲಿನ್ ಐರ್ಲೆಂಡಿನದಲ್ಲ, ಕೊಲಂಬಸ್ ಪಕ್ಕದ್ದು. ಎರಡೂ ಮನೆಗಳ ನಡುವೆ ಅರ್ಧ ಗಂಟೆಯ ದಾರಿ. ಒಂದೇ ಚಳಿ, ಒಂದೇ ಹಿಮ. ಅವರ ಮನೆಗೆ ಪೈಪಿನಲ್ಲಿ ನೈಸರ್ಗಿಕ ಅನಿಲ ಬರುತ್ತದೆ. ನಮ್ಮ ರಸ್ತೆಗೆ ಆ ಪೈಪ್ ಬಂದಿಲ್ಲ. ಹಿತ್ತಲಲ್ಲಿ 500 ಗ್ಯಾಲನ್‌ನ ಪ್ರೊಪೇನ್ ಟ್ಯಾಂಕ್ ಇದೆ, ಟ್ರಕ್ಕಿನವರು ಬಂದು ತುಂಬಿಸಿ ಹೋಗುತ್ತಾರೆ. ದರಗಳು ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಲೆಕ್ಕಕ್ಕೆ ಒಂದೊಂದು ದರ ಹಿಡಿದುಕೊಳ್ಳೋಣ. ನಿಮ್ಮ ಬಿಲ್ ನೋಡಿ ನಿಮ್ಮ ದರ ಹಾಕಿಕೊಳ್ಳಿ.

ಸ್ನೇಹಿತರ ಮನೆ ಮೊದಲು. ಗ್ಯಾಸನ್ನು ಥರ್ಮ್ ಲೆಕ್ಕದಲ್ಲಿ ಮಾರುತ್ತಾರೆ. ಬಿಲ್‌ನಲ್ಲಿ ಸಿಸಿಎಫ್ ಎಂದಿದ್ದರೆ ಅದೂ ಹೆಚ್ಚುಕಡಿಮೆ ಅಷ್ಟೇ. ಒಂದು ಥರ್ಮ್‌ನಲ್ಲಿರುವ ಶಾಖ ನಮ್ಮೂರಿನ ಯೂನಿಟ್ ಲೆಕ್ಕದಲ್ಲಿ, ಅಂದರೆ ಕಿಲೊವಾಟ್ ಅವರ್ ಲೆಕ್ಕದಲ್ಲಿ, 29ಕ್ಕೆ ತುಸು ಹೆಚ್ಚು. ಅವರ ಫರ್ನೇಸ್ ಹೊಸದು, ನೂರಕ್ಕೆ 95ರಷ್ಟು ಶಾಖ ಮನೆಗೆ ಕೊಡುತ್ತದೆ. ಅಂದರೆ ಥರ್ಮ್‌ಗೆ ಸುಮಾರು 28 ಯೂನಿಟ್. ದರ 1 ಡಾಲರ್ 20 ಸೆಂಟ್ ಎಂದಿಟ್ಟುಕೊಂಡರೆ ಒಂದು ಯೂನಿಟ್ ಶಾಖಕ್ಕೆ 4.3 ಸೆಂಟ್ ಬೀಳುತ್ತದೆ. ಕರೆಂಟ್ ಯೂನಿಟ್‌ಗೆ 16 ಸೆಂಟ್. ಹೀಟ್ ಪಂಪ್ ಮೂರೂವರೆ ಪಟ್ಟು ಕೊಡುವ ಹಿತವಾದ ದಿನದಲ್ಲೂ ಒಂದು ಯೂನಿಟ್ ಶಾಖಕ್ಕೆ 4.6 ಸೆಂಟ್. ಚಳಿ ಏರಿದ ದಿನ, ಎರಡೂಕಾಲು ಪಟ್ಟು ಕೊಡುವಾಗ, 7 ಸೆಂಟ್. ಅವರಿಗೆ ಗ್ಯಾಸೇ ಅಗ್ಗ, ಹೆಚ್ಚುಕಡಿಮೆ ಚಳಿಗಾಲವಿಡೀ.

ಈಗ ನಮ್ಮ ಮನೆ. ಒಂದು ಗ್ಯಾಲನ್ ಪ್ರೊಪೇನ್‌ನಲ್ಲಿ ಸುಮಾರು 27 ಯೂನಿಟ್ ಶಾಖ. ಅಷ್ಟೇ ದಕ್ಷತೆಯ ಫರ್ನೇಸ್‌ನಲ್ಲಿ ಮನೆಗೆ ಸಿಗುವುದು ಇಪ್ಪತ್ತೈದೂವರೆ. ಗ್ಯಾಲನ್‌ಗೆ ಎರಡೂವರೆ ಡಾಲರ್ ಎಂದರೆ ಯೂನಿಟ್ ಶಾಖಕ್ಕೆ 10 ಸೆಂಟ್ ಹತ್ತಿರ. ಕರೆಂಟ್ ಅದೇ 16 ಸೆಂಟ್, ಹೀಟ್ ಪಂಪ್ ಅದೇ. ಹಿತವಾದ ದಿನ 4.6, ಕೊರೆಯುವ ದಿನ 7. ಎಲ್ಲಿ ನೋಡಿದರೂ ಹೀಟ್ ಪಂಪ್ ಅಗ್ಗ. ಒಂದೇ ಚಳಿ, ಒಂದೇ ಯಂತ್ರ. ಆ ಮನೆಗೆ ಬೇಡ, ಈ ಮನೆಗೆ ಬೇಕೇಬೇಕು.

ಈ ಲೆಕ್ಕದಲ್ಲಿ ಒಂದು ಕಡೆ ಎಲ್ಲರೂ ಎಡವುತ್ತಾರೆ. ಗ್ಯಾಸ್ ಬಿಲ್‌ನ ಒಟ್ಟು ಮೊತ್ತವನ್ನು ಥರ್ಮ್‌ನಿಂದ ಭಾಗಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಮೀಟರ್ ಇರುವ ತಪ್ಪಿಗೆ ಪ್ರತಿ ತಿಂಗಳೂ ಕಟ್ಟಬೇಕಾದ ನಿಗದಿತ ಶುಲ್ಕ ಅದರೊಳಗೆ ಸೇರಿರುತ್ತದೆ. ನೀವು ಒಂದು ಥರ್ಮ್ ಉರಿಸಿದರೂ ನೂರು ಉರಿಸಿದರೂ ಅದು ಅಷ್ಟೇ. ಫರ್ನೇಸ್ ಉಳಿಸಿಕೊಂಡರೆ ಆ ಶುಲ್ಕವೂ ಉಳಿಯುತ್ತದೆ. ಆದ್ದರಿಂದ ಅದನ್ನು ತೆಗೆದಿಟ್ಟು, ಥರ್ಮ್‌ಗೆ ತಕ್ಕಂತೆ ಏರುವ ಬಾಬ್ತುಗಳನ್ನು ಮಾತ್ರ ಕೂಡಿಸಿ. ಗ್ಯಾಸಿನ ಬೆಲೆ ಮತ್ತು ಅದನ್ನು ಮನೆಗೆ ತಲುಪಿಸುವ ಬೆಲೆ ಎರಡೂ ಅದರಲ್ಲಿರಲಿ. ಕರೆಂಟ್ ಬಿಲ್ಲಿಗೂ ಇದೇ ಕ್ರಮ.

ಸ್ನೇಹಿತರ ಫರ್ನೇಸ್ ಹಳೆಯದಾಗಿ, ನೂರಕ್ಕೆ 80ರಷ್ಟು ಮಾತ್ರ ಕೊಡುವಂತಿದ್ದರೆ? ಆಗ ಅವರ ಯೂನಿಟ್ ಶಾಖ 5 ಸೆಂಟ್ ದಾಟುತ್ತದೆ. ಅಕ್ಟೋಬರ್, ನವೆಂಬರ್, ಮತ್ತೆ ಮಾರ್ಚ್, ಏಪ್ರಿಲ್‌ನ ಹಿತವಾದ ದಿನಗಳಲ್ಲಿ ಹೀಟ್ ಪಂಪ್ ಗೆಲ್ಲುತ್ತದೆ, ನಡುವಿನ ಚಳಿಗೆ ಫರ್ನೇಸ್ ಗೆಲ್ಲುತ್ತದೆ. ಡ್ಯುಯಲ್ ಫ್ಯೂಯಲ್ ಹುಟ್ಟಿರುವುದೇ ಇಂಥ ಮನೆಗಾಗಿ. ಹಾಗಿದ್ದೂ ಅವರ ಎಸಿ ಇನ್ನೂ ಚೆನ್ನಾಗಿ ನಡೆಯುತ್ತಿದ್ದರೆ ಮುಟ್ಟಬೇಡಿ ಎಂದೇ ಹೇಳುತ್ತಿದ್ದೆ. ಹೀಟ್ ಪಂಪ್ ಎಂದರೆ ಎರಡೂ ದಿಕ್ಕಿಗೆ ನಡೆಯುವ ಎಸಿ. ಎಸಿ ಹಳೆಯದಾಗಿ ಹೇಗೂ ಬದಲಿಸಬೇಕಾದ ವರ್ಷ, ಬರೀ ಎಸಿಗೂ ಹೀಟ್ ಪಂಪ್‌ಗೂ ಇರುವ ಬೆಲೆಯ ಅಂತರ ಎಷ್ಟೋ ಅಷ್ಟೇ ನಿಮ್ಮ ನಿಜವಾದ ಖರ್ಚು. ಆ ಅಂತರವನ್ನು ವರ್ಷದ ಉಳಿತಾಯದಿಂದ ಭಾಗಿಸಿ ನೋಡಿ. ಚೆನ್ನಾಗಿರುವ ಎಸಿಯನ್ನು ಕಿತ್ತು ಹಾಕಿಸಿದರೆ ಪೂರ್ತಿ ಬೆಲೆಯೇ ಖರ್ಚಾಗುತ್ತದೆ, ಲೆಕ್ಕ ಕೂಡುವುದು ಕಷ್ಟ. ಹೀಟ್ ಪಂಪ್ ಹಾಕಿಸಿದವರಿಗೆ 2,000 ಡಾಲರ್‌ವರೆಗೆ ಸಿಗುತ್ತಿದ್ದ ಕೇಂದ್ರ ಸರ್ಕಾರದ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. ಅದನ್ನು ಲೆಕ್ಕಕ್ಕೆ ಸೇರಿಸಿ ಮಾರಾಟದ ಮಾತಾಡುವವರು ಬಂದರೆ ಎಚ್ಚರವಿರಲಿ. ರಾಜ್ಯ ಸರ್ಕಾರದ್ದು, ವಿದ್ಯುತ್ ಕಂಪನಿಯದು ಏನಾದರೂ ಇದೆಯೇ ಎಂದು ನೀವೇ ವಿಚಾರಿಸಿಕೊಳ್ಳಿ.

ಈಗ ನಮ್ಮ ಮನೆಯಲ್ಲಿ ಆದದ್ದನ್ನು ಹೇಳಬೇಕು. ಹೀಟ್ ಪಂಪ್ ಬಂದ ಮೊದಲ ಚಳಿಗಾಲ ಪ್ರೊಪೇನ್ ಉಳಿಯುತ್ತದೆಂದು ನಂಬಿಕೊಂಡಿದ್ದೆ. ಟ್ಯಾಂಕಿನ ಮೇಲೊಂದು ಗಡಿಯಾರದಂಥ ಗೇಜ್ ಇರುತ್ತದೆ. ನೂರಕ್ಕೆ 80ರಷ್ಟು ತುಂಬಿಸಿದ್ದರು. ಜನವರಿ ನಡುವಿಗೆ ಮುಳ್ಳು 30ಕ್ಕೆ ಬಂದಿತ್ತು, ಹಿಂದಿನ ವರ್ಷದ ಹಾಗೆಯೇ. ಯಂತ್ರದಲ್ಲೇ ದೋಷವಿರಬೇಕೆಂದು ಒಂದು ಶನಿವಾರ ಬೇಸ್‌ಮೆಂಟ್‌ಗೆ ಇಳಿದೆ. ಹೊರಗೆ 38 ಡಿಗ್ರಿ ಫ್ಯಾರನ್‌ಹೀಟ್, ಸೆಲ್ಸಿಯಸ್‌ನಲ್ಲಿ 3. ಹೀಟ್ ಪಂಪ್‌ಗೆ ಅದು ಆಡುತ್ತಾ ಮಾಡುವ ಕೆಲಸ. ಆದರೆ ಫರ್ನೇಸ್‌ನ ಸಣ್ಣ ಗಾಜಿನ ಕಿಂಡಿಯಲ್ಲಿ ನೀಲಿ ಬೆಂಕಿ ಉರಿಯುತ್ತಿತ್ತು. ಹೊರಗೆ ಹೋಗಿ ನೋಡಿದರೆ ಹೀಟ್ ಪಂಪ್‌ನ ಫ್ಯಾನ್ ನಿಂತೇ ಇತ್ತು, ಅದರ ಮೇಲೆ ಹಿಮ ಕೂತಿತ್ತು.

ಥರ್ಮೋಸ್ಟಾಟ್ ಎದುರು ನಿಂತು ಕೈಪಿಡಿ ಬಿಡಿಸಿದೆ. ಹಾಕಿದವರಿಗೆಂದೇ ಇರುವ ಸೆಟ್ಟಿಂಗ್‌ಗಳ ಪಟ್ಟಿಯೊಂದು ಒಳಗೆ ಅಡಗಿರುತ್ತದೆ. ಎರಡು ಬಟನ್ ಒಟ್ಟಿಗೆ ಅದುಮಿ ಹಿಡಿದರೆ ತೆರೆಯುತ್ತದೆ. ಅದರಲ್ಲಿ ಕಂಪ್ರೆಸರ್ ಲಾಕ್‌ಔಟ್ ಎಂದಿತ್ತು. ಮುಂದೆ 40 ಎಂಬ ಸಂಖ್ಯೆ. ಹೊರಗೆ 40 ಡಿಗ್ರಿಗಿಂತ ಕೆಳಗಿಳಿದರೆ ಹೀಟ್ ಪಂಪನ್ನು ನಿಲ್ಲಿಸು, ಫರ್ನೇಸ್ ಹಚ್ಚು ಎಂದು ಅದಕ್ಕೆ ಹೇಳಿಟ್ಟಿದ್ದರು. ಕೊಲಂಬಸ್‌ನಲ್ಲಿ ಜನವರಿಯ ಸರಾಸರಿ ಗರಿಷ್ಠ ತಾಪಮಾನವೇ 40 ಮುಟ್ಟುವುದಿಲ್ಲ. ಅಂದರೆ ನಾನು ಹಣ ಕೊಟ್ಟು ತಂದ ಯಂತ್ರ ಚಳಿಗಾಲದ ನಡುವಿನ ತಿಂಗಳುಗಳಲ್ಲಿ ಕೆಲಸವನ್ನೇ ಮಾಡಿರಲಿಲ್ಲ. ಹಾಕಿ ಹೋದವರು ಎಲ್ಲ ಮನೆಗೂ ರೂಢಿಯಿಂದ ಇಡುವ ಸಂಖ್ಯೆಯನ್ನೇ ಇಟ್ಟಿದ್ದರು. ಡಬ್ಲಿನ್ ಸ್ನೇಹಿತರ ಮನೆಗಾದರೆ ಅದು ಸರಿಯಾದ ಸಂಖ್ಯೆ. ಪ್ರೊಪೇನ್ ಸುಡುವ ನಮ್ಮ ಮನೆಗೆ ತೀರಾ ತಪ್ಪು. ಹಿತ್ತಲಲ್ಲಿ ಟ್ಯಾಂಕ್ ಇದೆಯೆಂದು ಅವರಿಗೆ ಗೊತ್ತಿತ್ತು. ಆದರೂ ಯಾರೂ ಕೇಳಲಿಲ್ಲ, ಹೇಳಲೂ ಇಲ್ಲ. ಈ ವಿಷಯದಲ್ಲಿ ನನಗೆ ಇವತ್ತಿಗೂ ಬೇಸರವಿದೆ. ಸಾವಿರಾರು ಡಾಲರಿನ ಯಂತ್ರದ ಗುಣವೆಲ್ಲ ಆ ಎರಡಂಕಿಯ ಕೈಯಲ್ಲಿರುವಾಗ, ಅದನ್ನು ಮನೆಯವರೊಡನೆ ಕೂತು ನಿರ್ಧರಿಸುವುದು ಹಾಕುವವರ ಕರ್ತವ್ಯ.

ಹಾಗಾದರೆ ಎಷ್ಟಕ್ಕೆ ಇಡಬೇಕು? ದುಡ್ಡಿನ ಲೆಕ್ಕ ಕೇಳಿದರೆ ನಮ್ಮ ಮನೆಯಲ್ಲಿ ಹತ್ತು ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಸಿದರೂ ಹೀಟ್ ಪಂಪ್ ಅಗ್ಗವೇ. ಆದರೆ ಇನ್ನೊಂದು ಮಿತಿ ಇದೆ. ಚಳಿ ಏರಿದಷ್ಟೂ ಮನೆ ಹೆಚ್ಚು ಶಾಖ ಕೇಳುತ್ತದೆ, ಹೀಟ್ ಪಂಪ್ ಕಡಿಮೆ ಶಾಖ ಕೊಡುತ್ತದೆ. ಕೇಳುವುದೂ ಕೊಡುವುದೂ ಸರಿಸಮವಾಗುವ ಒಂದು ಬಿಂದು ಬರುತ್ತದೆ. ಅದನ್ನು ಬ್ಯಾಲೆನ್ಸ್ ಪಾಯಿಂಟ್ ಎನ್ನುತ್ತಾರೆ. ಅದಕ್ಕಿಂತ ಕೆಳಗೆ ಹೀಟ್ ಪಂಪ್ ಎಡೆಬಿಡದೆ ಓಡಿದರೂ ಮನೆ ನಿಧಾನಕ್ಕೆ ತಣ್ಣಗಾಗುತ್ತದೆ. ನಾನು ಅದನ್ನು ಕಂಡುಕೊಂಡದ್ದು ಸುಮ್ಮನೆ ನೋಡುತ್ತಾ. 40ರಿಂದ 30ಕ್ಕೆ ಇಳಿಸಿದೆ, ಮನೆ 70 ಡಿಗ್ರಿಯಲ್ಲೇ ನಿಂತಿತು. 25ಕ್ಕೆ ಇಳಿಸಿದೆ, ಆಗಲೂ ನಿಂತಿತು. 18ಕ್ಕೆ ಇಳಿಸಿದ ರಾತ್ರಿ ಬೆಳಗಾಗುವಷ್ಟರಲ್ಲಿ ಮನೆ 67ಕ್ಕೆ ಜಾರಿತ್ತು, ಅಮ್ಮ ಶಾಲು ಹೊದ್ದು ಕೂತಿದ್ದರು. 22ಕ್ಕೆ ತಂದು ನಿಲ್ಲಿಸಿದೆ. ದುಡ್ಡಿನ ಮಿತಿ, ಯಂತ್ರದ ಮಿತಿ, ಇವೆರಡರಲ್ಲಿ ಯಾವುದು ಮೇಲಿದೆಯೋ ಅದೇ ನಿಮ್ಮ ಸಂಖ್ಯೆ. ಚಳಿಗಾಲಕ್ಕೆ ಮೂರು ಸಲ ಬರುತ್ತಿದ್ದ ಪ್ರೊಪೇನ್ ಟ್ರಕ್ ಮರುವರ್ಷ ಒಂದೇ ಸಲ ಬಂತು. ಕರೆಂಟ್ ಬಿಲ್ ಏರಿತು, ಆದರೆ ಟ್ಯಾಂಕಿನಲ್ಲಿ ಉಳಿದದ್ದು ಅದಕ್ಕಿಂತ ಹೆಚ್ಚು.

ಅದೇ ವರ್ಷ ಇನ್ನೊಂದು ಅಭ್ಯಾಸವನ್ನೂ ಬಿಟ್ಟೆ. ರಾತ್ರಿ ಮಲಗುವಾಗ ಥರ್ಮೋಸ್ಟಾಟನ್ನು ಎಂಟು ಡಿಗ್ರಿ ಇಳಿಸಿ ಬೆಳಗ್ಗೆ ಏರಿಸುತ್ತಿದ್ದೆ. ಫರ್ನೇಸ್‌ಗೆ ಅದು ಸರಿ. ಹೀಟ್ ಪಂಪ್‌ಗೆ ಒಮ್ಮೆಗೇ ಎಂಟು ಡಿಗ್ರಿ ಏರಿಸಲು ಹೊತ್ತು ಬೇಕು, ಅಷ್ಟರಲ್ಲಿ ಥರ್ಮೋಸ್ಟಾಟ್ ತಾಳ್ಮೆಗೆಟ್ಟು ಫರ್ನೇಸ್ ಹಚ್ಚಿಬಿಡುತ್ತದೆ. ಈಗ ಎರಡು ಡಿಗ್ರಿಗಿಂತ ಹೆಚ್ಚು ಇಳಿಸುವುದಿಲ್ಲ.

ಫರ್ನೇಸ್ ಪೂರ್ತಿ ತೆಗೆದು, ಅತಿ ಚಳಿಗೂ ತಡೆಯುವ ಹೊಸ ಬಗೆಯ ಹೀಟ್ ಪಂಪ್ ಒಂದನ್ನೇ ಇಟ್ಟುಕೊಂಡರಾಗದೇ ಎಂದು ಕೆಲವರು ಕೇಳುತ್ತಾರೆ. ಆಗುತ್ತದೆ. ಮನೆ ಚೆನ್ನಾಗಿ ಮುಚ್ಚಿಕೊಂಡಿದ್ದರೆ, ಅಟ್ಟದಲ್ಲಿ ಇನ್ಸುಲೇಶನ್ ದಪ್ಪವಿದ್ದರೆ, ವಿದ್ಯುತ್ ಪ್ಯಾನೆಲ್‌ಗೆ ತಾಕತ್ತಿದ್ದರೆ ಅದು ಒಳ್ಳೆಯ ದಾರಿ, ಗ್ಯಾಸಿನ ನಿಗದಿತ ಶುಲ್ಕವೂ ತಪ್ಪುತ್ತದೆ. ಆದರೆ ನಮ್ಮ ಕಡೆ ಚಳಿ ಒಮ್ಮೊಮ್ಮೆ ಹೇಗೆ ಎರಗುತ್ತದೆ ಎಂಬುದನ್ನು 2022ರ ಡಿಸೆಂಬರ್ 23ರಂದು ನೋಡಿದವರು ಮರೆಯಲಾರರು. ಹಿಂದಿನ ಸಂಜೆ ಮಳೆ ಬರುವಂಥ ಹವೆ. ಬೆಳಗಾಗುವಷ್ಟರಲ್ಲಿ ಕೊಲಂಬಸ್ ಸೊನ್ನೆ ಫ್ಯಾರನ್‌ಹೀಟ್‌ಗಿಂತ ಕೆಳಗಿತ್ತು, ಅಂದರೆ ಮೈನಸ್ 18 ಸೆಲ್ಸಿಯಸ್‌ಗೂ ಕೆಳಗೆ. ಎಲ್ಲರ ಮನೆಯ ವಿದ್ಯುತ್ ಹೀಟರ್‌ಗಳೂ ಒಟ್ಟಿಗೆ ಹೊತ್ತಿಕೊಂಡವು. ನಮಗಿಂತ ದಕ್ಷಿಣದ ಟೆನೆಸಿ ಕಣಿವೆಯಲ್ಲಿ, 1933ರಲ್ಲಿ ಸ್ಥಾಪನೆಯಾದ ಅಲ್ಲಿನ ಸರ್ಕಾರಿ ವಿದ್ಯುತ್ ಸಂಸ್ಥೆ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಊರೂರಿಗೆ ಸರದಿಯಲ್ಲಿ ಕರೆಂಟ್ ತೆಗೆಯಬೇಕಾಯಿತು. ಲೋಡ್ ಶೆಡ್ಡಿಂಗ್ ಎಂದರೆ ನಮಗೆಲ್ಲ ಅರ್ಥವಾಗುತ್ತದೆ. ಅಂಥ ದಿನ ಎಷ್ಟೋ ಮನೆಗಳ ಭಾರವನ್ನು ವಿದ್ಯುತ್ ಜಾಲದ ಮೇಲಿಂದ ಇಳಿಸುವುದು ಡ್ಯುಯಲ್ ಫ್ಯೂಯಲ್‌ನ ದೊಡ್ಡ ಗುಣ. ಒಂದು ಮನೆಯ ಬಿಲ್ಲಿನಲ್ಲಿ ಆ ಗುಣ ಕಾಣುವುದಿಲ್ಲ.

ಕೆನಡಾದ ಕ್ವಿಬೆಕ್‌ನವರು ಈ ಗುಣಕ್ಕೆ ಬೆಲೆ ಕಟ್ಟಿದ್ದಾರೆ. ಅಲ್ಲಿನ ಹೈಡ್ರೊ ಕ್ವಿಬೆಕ್ ಸಂಸ್ಥೆಯಲ್ಲಿ ಎರಡು ಇಂಧನದ ಮನೆಗಳಿಗೆಂದೇ ಬೇರೆ ದರವಿದೆ. ಹೊರಗೆ ಮೈನಸ್ 12 ಸೆಲ್ಸಿಯಸ್ ಅಥವಾ ಅದಕ್ಕಿಂತ ಬೆಚ್ಚಗಿದ್ದರೆ ವಿದ್ಯುತ್ ಅಗ್ಗ. ಅದಕ್ಕಿಂತ ಕೆಳಗಿಳಿದರೆ ದರ ಹಲವು ಪಟ್ಟು ಏರುತ್ತದೆ, ಮನೆ ತಾನಾಗಿ ಇನ್ನೊಂದು ಇಂಧನಕ್ಕೆ ಹೊರಳುತ್ತದೆ. ಇನ್ನೂ ಹೆಚ್ಚು ಚಳಿಯ ಪ್ರದೇಶಗಳಿಗೆ ಈ ಗೆರೆ ಮೈನಸ್ 15. ಮಿನ್ನೆಸೊಟಾ ಮತ್ತು ಡಕೋಟಾಗಳ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲೂ ಇಂಥ ಕಡಿಮೆ ದರ ಇದೆ. ಬೇಡಿಕೆ ಏರಿದಾಗ ಸಂಘವೇ ನಿಮ್ಮ ಹೀಟ್ ಪಂಪ್ ನಿಲ್ಲಿಸುತ್ತದೆ, ಫರ್ನೇಸ್ ಕೈಗೆತ್ತಿಕೊಳ್ಳುತ್ತದೆ. ನಿಮ್ಮ ಊರಿನಲ್ಲಿ ಇಂಥ ದರವಿದ್ದರೆ ನಾನು ಹೇಳಿದ ಲೆಕ್ಕವೆಲ್ಲ ನಿಮ್ಮ ಪರವಾಗಿ ತಿರುಗುತ್ತದೆ. ವಿದ್ಯುತ್ ಕಂಪನಿಗೆ ಒಂದು ಫೋನ್ ಮಾಡಿ ಕೇಳಿ.

ಗ್ಯಾಸ್ ಇದೆ, ಕರೆಂಟ್ ಹೋದರೂ ಚಿಂತೆಯಿಲ್ಲ ಎಂದು ಮಾತ್ರ ಯಾರೂ ತಿಳಿಯಬಾರದು. ಫರ್ನೇಸ್‌ನ ಬ್ಲೋವರ್ ನಡೆಯುವುದು ಕರೆಂಟಿನಿಂದ. 2021ರ ಫೆಬ್ರವರಿಯಲ್ಲಿ ಟೆಕ್ಸಸ್‌ನಲ್ಲಿ ದಿನಗಟ್ಟಲೆ ವಿದ್ಯುತ್ ಇಲ್ಲದಾದಾಗ ಗ್ಯಾಸ್ ಫರ್ನೇಸ್ ಇದ್ದ ಮನೆಗಳೂ ತಣ್ಣಗಾದವು. ವ್ಯತ್ಯಾಸ ಇಷ್ಟೇ: ಬ್ಲೋವರ್‌ಗೆ ಬೇಕಾಗುವುದು ಕೆಲವು ನೂರು ವಾಟ್, ಸಣ್ಣ ಜನರೇಟರ್ ಅದನ್ನು ನಡೆಸಬಲ್ಲದು. ಹೀಟ್ ಪಂಪ್ ನಡೆಸಲು ದೊಡ್ಡದೇ ಬೇಕು. ಜನರೇಟರ್ ಮನೆಯ ಹೊರಗೆ, ಕಿಟಕಿಯಿಂದ ದೂರ ಇರಬೇಕು. ಬೆಂಕಿ ಇರುವ ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಮಲಗುವ ಕೋಣೆಗಳ ಹತ್ತಿರ ಇರಲೇಬೇಕು. ಇದನ್ನು ದಯವಿಟ್ಟು ನಾಳೆಗೆ ಬಿಡಬೇಡಿ.

ಉಳಿದ ಊರುಗಳವರಿಗೆ ಎರಡು ಮಾತು. ಅಟ್ಲಾಂಟಾ, ಡಲ್ಲಾಸ್ ಕಡೆಯವರಿಗೆ ಹೀಟ್ ಪಂಪ್ ಒಂದೇ ಸಾಕು, ಎರಡನೆಯ ಒಲೆಯ ಅಗತ್ಯ ಕಡಿಮೆ. ಬಾಸ್ಟನ್ ಕಡೆ ಬೇಸ್‌ಮೆಂಟ್‌ನಲ್ಲಿ ಎಣ್ಣೆ ಸುಡುವ ಮನೆಗಳು ಬಹಳ. ಎಣ್ಣೆ ದುಬಾರಿ ನಿಜ, ಆದರೆ ಅಲ್ಲಿ ಕರೆಂಟೂ ಒಹಾಯೊದ ಹತ್ತಿರಹತ್ತಿರ ಎರಡು ಪಟ್ಟು. ಆದ್ದರಿಂದ ಲೆಕ್ಕವನ್ನು ಇನ್ನೂ ಹುಷಾರಾಗಿ ಹಾಕಬೇಕು. ಹೀಟ್ ಪಂಪ್ ಇರುವ ಮನೆಗೆ ಚಳಿಗಾಲದ ಕಡಿಮೆ ದರ ಕೊಡುವ ಕಂಪನಿಗಳು ಅಲ್ಲಿ ಇವೆ.

ಹಾಕಿಸುವುದೆಂದು ತೀರ್ಮಾನಿಸಿದಿರಾದರೆ ಮೂವರಿಂದ ಕೋಟ್ ತರಿಸಿ. ಹಳೆಯ ಎಸಿ ಎಷ್ಟು ಟನ್ ಇತ್ತು ಎಂದಷ್ಟೇ ನೋಡಿ ಹೊಸದನ್ನು ಬರೆದುಕೊಡುವವರನ್ನು ಬಿಡಿ. ಕೋಣೆ ಕೋಣೆ ಅಳೆದು, ಕಿಟಕಿ ಎಣಿಸಿ, ಅಟ್ಟ ಹತ್ತಿ ನೋಡಿ, ಮ್ಯಾನ್ಯುಯಲ್ ಜೆ ಎಂಬ ಲೆಕ್ಕ ಮಾಡಿಕೊಡುವವರನ್ನು ಹಿಡಿಯಿರಿ. ಡಕ್ಟ್‌ಗಳು ಸೋರುತ್ತಿದ್ದರೆ ಮೊದಲು ಅವನ್ನು ಮುಚ್ಚಿಸಿ. ಹೊರಗಿನ ಪೆಟ್ಟಿಗೆಯನ್ನು ನೆಲಕ್ಕೆ ಇಡಿಸದೆ, ಹಿಮ ಮುಚ್ಚದಷ್ಟು ಎತ್ತರದ ಕಾಲುಗಳ ಮೇಲೆ ಕೂರಿಸಲಿ. ಕೆಲಸ ಮುಗಿಸಿ ಹೊರಡುವ ಮುಂಚೆ ಅವರನ್ನು ಥರ್ಮೋಸ್ಟಾಟ್ ಮುಂದೆ ನಿಲ್ಲಿಸಿಕೊಂಡು, ಹೀಟ್ ಪಂಪ್ ನಿಲ್ಲುವುದು ಎಷ್ಟು ಡಿಗ್ರಿಗೆ, ಆ ಸಂಖ್ಯೆಯೇ ಏಕೆ ಎಂದು ಕೇಳಿ. ಉತ್ತರವನ್ನು ಬಿಲ್ ಮೇಲೆಯೇ ಬರೆಸಿಕೊಳ್ಳಿ.

ಈಗಾಗಲೇ ಈ ಜೋಡಿ ಮನೆಯಲ್ಲಿರುವವರು ಈ ಮಾತು ಮುಗಿದ ಕೂಡಲೇ ಎದ್ದು ಹೋಗಿ ನೋಡಿ. ನಮ್ಮ ಮನೆಯ ಸಂಖ್ಯೆ 22. ನಿಮ್ಮದು ಎಷ್ಟಿದೆಯೋ ನೋಡಿ, ಬಿಲ್‌ಗಳ ಪಕ್ಕ ಬರೆದಿಟ್ಟುಕೊಳ್ಳಿ.